ಅಕ್ಕನ ಕಾಲಿನ ಮೇಲೆ ನನ್ನ ಕಾಲು

ಅಕ್ಕನ ಎಡಗಾಲು ಬಾತುಕೊಂಡಿತ್ತು. ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಆ ಕಾಲಿನ ಮೇಲೆ ನನ್ನ ಕಾಲಿಟ್ಟು ಒತ್ತಿದೆ.

ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ನಾನು ಗುಲಾಬಿ. ಕುಂದಾಪುರದ ಕೋಡಿಯವಳು. ಐದನೇ ಕ್ಲಾಸು ಮುಗಿಸಲಿಲ್ಲ, ಬುಟ್ಟಿ ಹೊತ್ತು ಮೀನು ಮಾರಿದೆ. ಹುಟ್ಟುವಾಗ ನನ್ನ ತಲೆ ಬರುವ ಮೊದಲು ಕಾಲು ಬಂತಂತೆ. ಹಾಗೆ ಹುಟ್ಟಿದವರ ಕಾಲಿಗೆ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬೆನ್ನು ಹಿಡಿದುಕೊಂಡವರು, ಕಾಲು ಉಳುಕಿದವರು ಬರುತ್ತಾರೆ. ನಾನು ಎಡಗಾಲಿನಿಂದ ಮೆಲ್ಲಗೆ ಒದೆಯಬೇಕು, ಆಮೇಲೆ ಕೆಳಮುಖವಾಗಿ ನೀವಬೇಕು. ದುಡ್ಡು ಮುಟ್ಟಬಾರದು. ಒಂದು ತೆಂಗಿನಕಾಯಿ, ಒಂದು ಸೌತೆಕಾಯಿ ಇಟ್ಟು ಹೋಗುತ್ತಾರೆ. ನನಗೆ ನಡೆಯಲು ಸರಿಯಾಗಿ ಬರುವ ಮೊದಲೇ ಅಮ್ಮ ನನ್ನನ್ನು ಎತ್ತಿ ಹಿಡಿದು ದೋಣಿಯವರ ಬೆನ್ನಿಗೆ ಒದೆಸುತ್ತಿದ್ದಳಂತೆ.

ಅದೇ ಅಮ್ಮ ಅಕ್ಕನ ಕಾಲಿಗೆ ಬರೆ ಹಾಕಿದ್ದಳು.

ಅಕ್ಕ ಅಂದರೆ ಜಲಜ. ಕೋಡಿಯ ಮರಳಿನಲ್ಲಿ ಗಂಡುಹುಡುಗರ ಜೊತೆ ಚೆಂಡು ಒದೆಯುತ್ತಿದ್ದಳು. ಚೆಂಡು ಅಂದರೆ ಹಳೇ ಬಟ್ಟೆಯ ಉಂಡೆ, ಮೇಲೆ ಬಲೆಯ ದಾರ ಸುತ್ತಿದ್ದು. "ಹೆಣ್ಣ್ ಮಗು ಕಾಲೆತ್ತಿ ಒದುದಾ?" ಎಂದು ಅಮ್ಮ ಸಟ್ಟುಗ ಕಾಯಿಸಿದಳು. ಒಂದೇ ಮನೆ, ಇಬ್ಬರು ಹುಡುಗಿಯರು. ನಾನು ಒದೆದರೆ ಊರು ಕೈ ಮುಗಿಯುತ್ತಿತ್ತು. ಅವಳು ಒದೆದರೆ ಬರೆ. ಇದನ್ನು ಈಗ ಬರೆಯುವಾಗ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಆಗ ನನಗೆ ಏನೂ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯೇ ಆಗಿತ್ತು.

ಅಕ್ಕನಿಗೆ ಮಾತ್ರ ಬೇಸರವೇ ಇರಲಿಲ್ಲ. ಆಟಕ್ಕೆ ಇಳಿಯುವ ಮುಂಚೆ ನನ್ನ ಮುಂದೆ ಬಂದು ಕಾಲು ಚಾಚುತ್ತಿದ್ದಳು. "ಗುಲಾಬಿ, ಒಂದ್ ಒದಿ ಹಾಕ್. ಇವತ್ತ್ ಗೋಲ್ ಹೊಡಿಕ್." ನಾನು ಒದೆಯುತ್ತಿದ್ದೆ. ಅವಳು ನಗುತ್ತ ಓಡುತ್ತಿದ್ದಳು.

ಮಾವನ ಮಕ್ಕಳನ್ನು ನೋಡಿಕೊಳ್ಳಲಿ ಎಂದು ಅವಳನ್ನು ಮುಂಬೈಗೆ ಕಳಿಸಿದರು. ಮಾವ ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಚಾಳಿನ ಹಿಂದಿನ ಮೈದಾನದಲ್ಲಿ ಕೆಲವು ಹುಡುಗಿಯರು ಫುಟ್‌ಬಾಲ್ ಆಡುವುದನ್ನು ಅಕ್ಕ ನೋಡಿದಳು. ಮಾವನ ಮಗುವನ್ನು ಸೊಂಟದಿಂದ ಇಳಿಸಿ ಅವರ ನಡುವೆ ನುಗ್ಗಿದಳು. ಅಷ್ಟೇ. ಗಂಡಸರ ಅಂಗಿಯ ತೋಳು ಕತ್ತರಿಸಿ ಹಾಕಿಕೊಂಡು, ಇನ್ನೊಬ್ಬರ ಶೂ ಒಳಗೆ ಬಟ್ಟೆ ತುರುಕಿಕೊಂಡು ಆಡಿದಳು. ಹೆಂಗಸರೂ ಈ ಆಟ ಆಡುತ್ತಾರೆ ಎಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅವಳು ರಾಜ್ಯ ತಂಡಕ್ಕೆ ಆಡಿದಳು. ಮೊಣಕಾಲು ಹೋದ ಮೇಲೆ ಕೋಚ್ ಆದಳು. ಆಮೇಲೆ ಅಲ್ಲಿನ ಕನ್ನಡ ಪೇಪರಿಗೆ ಆಟದ ವರದಿ ಬರೆದಳು. ಪತ್ರಕರ್ತರು ಕೂರುವ ಜಾಗದಲ್ಲಿ ಅವಳೊಬ್ಬಳೇ ಹೆಂಗಸು. ಮೊದಲ ದಿನ ಬಾಗಿಲಲ್ಲಿ ತಡೆದು, "ನೀವು ಯಾರ ಮಿಸೆಸ್?" ಎಂದು ಕೇಳಿದರಂತೆ. "ಫುಟ್‌ಬಾಲಿನ ಮಿಸೆಸ್" ಎಂದು ಹೇಳಿ ಒಳಗೆ ಹೋಗಿ ಕೂತಳಂತೆ. ಮದುವೆ ಆಗಲೇ ಇಲ್ಲ.

ಬರೆದ ಪೇಪರನ್ನು ಊರಿಗೆ ಕಳಿಸುತ್ತಿದ್ದಳು. ಅಮ್ಮ ಅದರಲ್ಲಿ ಒಣಮೀನು ಕಟ್ಟುತ್ತಿದ್ದಳು, ಅಮ್ಮ ಹೋದ ಮೇಲೆ ನಾನೂ ಕಟ್ಟಿದೆ. ಒಮ್ಮೆ ರಜೆಗೆ ಬಂದಾಗ ಅಕ್ಕ ನೋಡಿಬಿಟ್ಟಳು. "ನಾನ್ ಬರ್ದದ್ದನ್ನ ಈ ಊರಲ್ಲ್ ಓದಿದ್ದ್ ಬಂಗುಡೆ ಒಂದೇ ಕಾಣ್" ಎಂದು ನಕ್ಕಳು. ಅವಳು ನಕ್ಕಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವಳು ಹೋದಳೆಂದು ನನ್ನ ಶಾಲೆ ಬಿಡಿಸಿದರು. ಅಮ್ಮನ ಬುಟ್ಟಿ ನನ್ನ ತಲೆಗೆ ಬಂತು. ಅಮ್ಮನ ಕೊನೆಗಾಲದ ಮಲಮೂತ್ರ ನಾನು ಬಳಿದೆ. ಅವಳು ಮಾತ್ರ ನಗುತ್ತ ಬರುವವಳು, ನಗುತ್ತ ಹೋಗುವವಳು.

ವಯಸ್ಸಾದ ಮೇಲೆ ಅಕ್ಕ ನನ್ನ ಮನೆಗೇ ಬಂದಳು. ನನ್ನ ಗಂಡ ತೀರಿಹೋಗಿದ್ದ, ಮಗ ದೋಣಿಯಲ್ಲಿ ಗೋವಾ ಕಡೆ. ಇಬ್ಬರೇ ಇದ್ದೆವು. ಬಂದ ತಿಂಗಳಲ್ಲೇ ಅವಳು ಕೋಡಿಯ ಹುಡುಗಿಯರನ್ನು ಮರಳಿಗೆ ಇಳಿಸಿದಳು. ಕುತ್ತಿಗೆಯಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಶೂ. ಯಾರಿಗಾದರೂ ಕಾಲು ಬಾತುಕೊಂಡರೆ ಮೀನಿನ ಐಸ್ ತಂದು ಇಡುತ್ತಿದ್ದಳು. "ಬಾತ ಕಾಲ್ ಒತ್ತುಕಾಗ, ಡಾಕ್ಟ್ರಿಗೆ ತೋರ್ಸ್ಕ್" ಎಂದು ಎಲ್ಲರೆದುರು ಹೇಳುತ್ತಿದ್ದಳು. ನನ್ನ ಜಗಲಿಯಿಂದ ನೂರು ಮಾರು ದೂರದಲ್ಲಿ ನಿಂತು! ಒತ್ತಬಾರದು ಎನ್ನುವುದು ನನಗೇ ಹೇಳಿದ ಮಾತು ಎಂದು ನಾನು ಹಿಡಿದುಕೊಂಡೆ.

ಬೇಸಿಗೆಯ ಕೊನೆಯಲ್ಲಿ ಮುಂಬೈಯಲ್ಲಿ ಹಳೇ ಆಟಗಾರ್ತಿಯರಿಗೆ ಸನ್ಮಾನ ಇತ್ತು. ಅಕ್ಕ ಹೋಗಿ ಬಂದಳು. ಬರುವಾಗ ರೈಲಿನಲ್ಲಿ ಕಿಟಕಿ ಪಕ್ಕ ಕೂತವಳು ಕುಂದಾಪುರ ಬರುವ ತನಕ ಏಳಲೇ ಇಲ್ಲವಂತೆ. ಮನೆಗೆ ಬಂದು ಶಾಲು, ಹಣ್ಣಿನ ಬುಟ್ಟಿ ಇಟ್ಟು, "ಮೀನಖಂಡ ಹಿಡ್ದಿತ್ತ್" ಎಂದಳು. ಮರುದಿನ ನೋಡಿದರೆ ಎಡಗಾಲು ಬಲಗಾಲಿಗಿಂತ ದಪ್ಪವಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಮುಟ್ಟಿದರೆ ಬಿಸಿ.

"ಇದ್ ಉಳ್ಕ್ ಅಲ್ಲ ಗುಲಾಬಿ. ಆಸ್ಪತ್ರಿಗೆ ಹೋಪ" ಎಂದಳು.

ಅವಳು ಹೇಳಿದ್ದಳು. ಇದನ್ನು ಓದುವವರು ಮರೆಯಬಾರದು. ಅವಳಿಗೆ ಗೊತ್ತಿತ್ತು, ಹೇಳಿದ್ದಳು.

"ಊರಿಡೀ ನನ್ನ ಕಾಲಿಗೆ ಬತ್ತ್. ನಿಂಗೊಬ್ಳಿಗೆ ಡಾಕ್ಟ್ರ್ ಬೇಕಾ?" ಎಂದು ನಾನು ಕೇಳಿದೆ. ಧ್ವನಿ ಏರಿತ್ತು. "ಸಣ್ಣದಿಪ್ಪಾಗ ನನ್ನತ್ರ ಒದೆಸ್ಕಂಡೇ ದೊಡ್ಡ ಜನ ಆದ್ದಲ್ದಾ? ಈಗ ನನ್ನ ಕಾಲ್ ನಿಂಗೆ ಹೇಸ್ಗಿ ಆಯ್ತಾ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನಕ್ಕು, ಚಾಪೆಯ ಮೇಲೆ ಬೋರಲು ಮಲಗಿದಳು. "ಸೈ ಮಾರಾಯ್ತಿ. ಒದಿ."

ನನ್ನ ಮನಸ್ಸು ಉಳಿಸಲು ಅವಳು ಕಾಲು ಕೊಟ್ಟಳು.

ಮೆಲ್ಲಗೆ ಒದೆದೆ. ಎಣ್ಣೆ ಹಾಕಿ ನೀವಿದೆ. "ಕಮ್ಮಿ ಆಯ್ಲಿಲ್ಲೆ" ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಗೋಡೆ ಹಿಡಿದು ನಿಂತು ಹಿಮ್ಮಡಿಯಿಂದ ಒತ್ತಿದೆ. ಮೊಣಕಾಲಿನ ಹಿಂದಿನಿಂದ ಕೆಳಗೆ, ಪುನಃ ಮೇಲಕ್ಕೆ. ಅಕ್ಕ ಚಾಪೆಯ ಅಂಚು ಹಿಡಿದುಕೊಂಡಳು. ನನ್ನ ಗುಣ ಸುಳ್ಳಾಗಬಾರದು ಎಂಬ ಹಟ ಆ ಹಿಮ್ಮಡಿಯಲ್ಲಿತ್ತು. ಹಟ ಒಂದೇ ಅಲ್ಲ. ಬಿಟ್ಟ ಶಾಲೆ ಇತ್ತು, ಮೀನಿನ ಬುಟ್ಟಿ ಇತ್ತು, ಅಮ್ಮನ ಹಾಸಿಗೆ ಇತ್ತು, ಇವಳ ಶಾಲು ಮತ್ತು ಹಣ್ಣಿನ ಬುಟ್ಟಿ ಇತ್ತು. ಇಷ್ಟು ವರ್ಷದ ಸಿಟ್ಟನ್ನೆಲ್ಲ ನೋವಿರುವ ಒಂದು ಕಾಲಿನ ಮೇಲೆ ಇಳಿಸಿದೆ.

"ಹಗುರ ಆಯ್ತ್" ಎಂದಳು ಕೊನೆಗೆ. ಸುಳ್ಳು. ನನಗಾಗಿ ಹೇಳಿದ ಸುಳ್ಳು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಒಂದು ಶೂ ಹಾಕಿ ಆಗಿತ್ತು. ನಾನು ಒಳಗೆ ಚಾ ಸೋಸುತ್ತಿದ್ದೆ. ಏನೋ ಬಿದ್ದ ಶಬ್ದ.

ತುಟಿ ನೀಲಿಯಾಗಿತ್ತು.

"ಗುಲಾಬಿ, ಉಸ್ರ್ ಬತ್ತಿಲ್ಲೆ."

ಪಕ್ಕದ ಮನೆಯ ಸೀತಕ್ಕನ ಮಗನ ಆಟೋದಲ್ಲಿ ಕುಂದಾಪುರಕ್ಕೆ ಹೋದೆವು. ಅಲ್ಲಿ ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟು, ಮುಂದಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಕುಂಭಾಶಿ ಬಂದಾಗ ಕಿಟಕಿಯಿಂದ ಗಣಪತಿಗೆ ಕೈ ಮುಗಿಯಲು ಹೋದೆ. ಕೈ ಮೇಲೇಳಲಿಲ್ಲ. ಏನೆಂದು ಕೇಳಿಕೊಳ್ಳುವುದು? ಒತ್ತಿದ್ದು ನಾನು. ಕೋಟ, ಸಾಲಿಗ್ರಾಮ ದಾಟಿತು. ಬ್ರಹ್ಮಾವರದ ಹತ್ತಿರ ಅಕ್ಕನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಜೊತೆಗಿದ್ದ ನರ್ಸ್ ಅವಳ ಕೆನ್ನೆ ತಟ್ಟಿ ಹೆಸರು ಕೂಗಿದಳು. ನಾನು ಅಕ್ಕನ ಕಾಲು ಹಿಡಿದುಕೊಂಡಿದ್ದೆ. ಶೂ ಇದ್ದ ಕಾಲು. ಇನ್ನೊಂದನ್ನು ಮುಟ್ಟಲು ಧೈರ್ಯ ಇರಲಿಲ್ಲ.

ಕಾಲಿನ ಸ್ಕ್ಯಾನ್ ಆಯಿತು, ಎದೆಯ ಸಿಟಿ ಸ್ಕ್ಯಾನ್ ಆಯಿತು. ಸಣ್ಣ ವಯಸ್ಸಿನ ಲೇಡಿ ಡಾಕ್ಟರ್ ಬಂದು ನನಗೆ ಅರ್ಥವಾಗುವ ಹಾಗೆ ಹೇಳಿದರು. ತುಂಬಾ ಹೊತ್ತು ಕಾಲು ಆಡಿಸದೆ ಕೂತಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದಂತೆ, ಅದು ಕ್ಲಾಟ್. ಅದರ ಒಂದು ತುಂಡು ಕಳಚಿ ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದೆ.

"ಇಂಥ ಕಾಲನ್ನು ಒತ್ತಲೇಬಾರದು. ಯಾರಾದರೂ ಮಾಲೀಶು ಮಾಡಿದ್ರಾ?"

"ಇಲ್ಲ ಮೇಡಂ" ಎಂದೆ.

ಪರದೆಯ ಆಚೆ ಮಂಚದ ಮೇಲೆ ಅಕ್ಕ ಮಲಗಿದ್ದಳು. ಮಾಸ್ಕಿನ ಮೇಲಿನಿಂದ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಎಚ್ಚರ ಇತ್ತು. ಕೇಳಿಸಿತ್ತು. ಕಣ್ಣು ಮುಚ್ಚಿಕೊಂಡಳು.

ಈಚೆಗೆ ಅದೇ ಡಾಕ್ಟರಿಗೆ ನಿಜ ಹೇಳಿದ್ದೇನೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಒತ್ತದೇ ಇದ್ದಿದ್ದರೂ ಕಳಚಿ ಹೋಗುತ್ತಿತ್ತೋ ಏನೋ, ಯಾರೂ ಹೇಳಲಾಗದು. ಆದರೆ ಆವತ್ತೇ ಹೇಳಬೇಕಿತ್ತು" ಎಂದರು. ಆ "ಏನೋ" ನನಗೆ ಸಮಾಧಾನಕ್ಕೂ ಸಾಲುವುದಿಲ್ಲ, ಶಿಕ್ಷೆಗೂ ಸಾಲುವುದಿಲ್ಲ. ಅದನ್ನು ಇಟ್ಟುಕೊಂಡೇ ಬದುಕಬೇಕು. ಅಕ್ಕ ಉಳಿದಳು, ಅದು ಮಾತ್ರ ದೊಡ್ಡದು. ಅವಳನ್ನು ಉಳಿಸಿದವರು ಔಷಧಿ ಕೊಟ್ಟವರು, ಬ್ರಹ್ಮಾವರದಲ್ಲಿ ಅವಳ ಕೆನ್ನೆ ತಟ್ಟಿದ ಹುಡುಗಿ. ನಾನಲ್ಲ.

ಐಸಿಯು ಹೊರಗೆ ಕೂತ ದಿನಗಳಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಚಪ್ಪಲಿ ಬಿಡಿ ಎನ್ನುವ ಸೆಕ್ಯುರಿಟಿಯ ಮೇಲೆ. ಚಾ ತಣ್ಣಗಿದೆ ಎಂದು ಕ್ಯಾಂಟೀನಿನವನ ಮೇಲೆ. ಊರಿನ ಕೆಲವು ದೊಡ್ಡವರು ಹೂಗುಚ್ಛ ಹಿಡಿದುಕೊಂಡು ಬಂದರು. ಒಳಗೆ ಬಿಡುವುದಿಲ್ಲ ಎಂದಾಗ ಐಸಿಯು ಬೋರ್ಡಿನ ಕೆಳಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಹುಡುಗಿಯರಿಗೆ ಸಂಜೆ ಒಂದು ಗಂಟೆ ಮೈದಾನ ಕೊಡಿ ಎಂದು ಅಕ್ಕ ಇವರ ಹಿಂದೆ ಎಷ್ಟು ತಿರುಗಿದ್ದಳು! ಕ್ರಿಕೆಟ್ ಇದೆ, ಶಾಮಿಯಾನ ಹಾಕಿದೆ, ಮುಂದಿನ ತಿಂಗಳು ನೋಡುವ ಎನ್ನುತ್ತಿದ್ದರು. ಹುಡುಗಿಯರನ್ನು ಮರಳಿಗೆ ಓಡಿಸಿದ್ದು ಇವರೇ. ಹೂಗುಚ್ಛವನ್ನು ಕಸದ ಡಬ್ಬಿಗೆ ಹಾಕಿದೆ.

ಸೀತಕ್ಕ ನೋಡಲು ಬಂದಳು. ಊಟದ ಡಬ್ಬಿ ಕೊಟ್ಟು, ನನ್ನ ಪಕ್ಕ ಕೂತು, ನಿಟ್ಟುಸಿರು ಬಿಟ್ಟಳು.

"ಹೆಣ್ಣಾಯಿ ಹುಟ್ಟಿ ಗಂಡಸ್ರ ಹಾಂಗೆ ಚಂಡ್ ಒದ್ದ ಕಾಲ್ ಮಾರಾಯ್ತಿ. ಸುಮ್ನೆ ಬಿಡುತ್ತಾ? ಈ ಪ್ರಾಯದಲ್ಲೂ ಶೂ ಹಾಯ್ಕಂಡ್ ಓಡುದಾ?"

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಹೌದೆಂದು ತಲೆಯನ್ನೂ ಆಡಿಸಿದೆ. ಊರೆಲ್ಲ ಅದೇ ಮಾತಾಯಿತು. ಚೆಂಡು ಒದ್ದು ಕಾಲು ಹಾಳಾಯಿತು, ಕಾಲಿನಿಂದ ಎದೆಗೆ ಹೋಯಿತು. ಹುಡುಗಿಯರ ತಾಯಂದಿರು ಮಕ್ಕಳನ್ನು ಮರಳಿಗೆ ಕಳಿಸುವುದನ್ನು ನಿಲ್ಲಿಸಿದರು. ನನ್ನ ಒಂದು ಸುಳ್ಳು ಅಕ್ಕನ ಇಡೀ ಬದುಕನ್ನು ತಪ್ಪು ಮಾಡಿತು. ಅದು ನನ್ನ ಕಣ್ಣೆದುರೇ ಆಯಿತು.

ಮಳೆ ಶುರುವಾದಾಗ ಮನೆಗೆ ಬಂದೆವು. ರಕ್ತ ತೆಳು ಮಾಡುವ ಮಾತ್ರೆ, ಮತ್ತೆ ಮತ್ತೆ ರಕ್ತದ ಟೆಸ್ಟ್. ಪೆಟ್ಟು ಆಗಬಾರದು, ಪೆಟ್ಟಾದರೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಚೆಂಡಿನ ಹತ್ತಿರ ಹೋಗುವ ಹಾಗಿಲ್ಲ. ಕಾಲಿಗೆ ಬಿಗಿಯಾದ ಒಂದು ಉದ್ದದ ಸಾಕ್ಸ್. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆಯೇ ಅದನ್ನು ಏರಿಸಬೇಕು. ಅಕ್ಕನಿಗೆ ಬಗ್ಗಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಅದು ನನ್ನ ಕೆಲಸ. ದಿನಾ ಬೆಳಿಗ್ಗೆ ಅದೇ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ, ನೋಯದ ಹಾಗೆ. ನಾನು ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಅಕ್ಕ ಸೀಟಿ ಕೇಳಿದಳು. ಮೊಳೆಗೆ ನೇತುಹಾಕಿದ್ದನ್ನು ತಂದುಕೊಟ್ಟೆ. ಬಾಯಿಗಿಟ್ಟು ಊದಿದಳು. ಗಾಳಿ ಮಾತ್ರ ಬಂತು. ಪುನಃ ಊದಿದಳು. ಕೆಮ್ಮು ಬಂತು. ಸೀಟಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. "ಅಲ್ಲೇ ಇಡ್. ಇನ್ನೊಂದಿನ ಕಾಂಬ."

ನಾನು ಹಿತ್ತಿಲಿಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

ಮಳೆ ಬಿಟ್ಟ ಮೇಲೆ ನಾಲ್ಕೈದು ಹುಡುಗಿಯರು ಮಾತ್ರ ಬಂದರು. ತಾಯಂದಿರಿಗೆ ಸುಳ್ಳು ಹೇಳಿ ಬಂದವರು. ಅಕ್ಕ ಮರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು, ಸೀಟಿಯ ಬದಲು ಚಪ್ಪಾಳೆ. ನಾನು ಬಿಸಿನೀರಿನ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿದ್ದೆ. ಆಟದ ನಡುವೆ ಒಬ್ಬಳ ಕೈಗೆ ಚೆಂಡು ತಾಗಿತು. ಎದುರಿನವರು ಕೂಗಿದರು. "ನಂಗೆ ತಾಗ್ಲೇ ಇಲ್ಲೆ ಟೀಚರ್" ಎಂದಳು ಅವಳು. ಅಕ್ಕ ನೋಡಿದ್ದಳು, ನಾನೂ ನೋಡಿದ್ದೆ. ಆದರೆ ಅಕ್ಕ ಬಯ್ಯಲಿಲ್ಲ. ಚಪ್ಪಾಳೆ ತಟ್ಟಲಿಲ್ಲ. ಕಡಲಿನ ಕಡೆ ನೋಡುತ್ತ ಸುಮ್ಮನೆ ಕೂತಳು. ಆಟ ನಿಂತಿತು. ಆ ಹುಡುಗಿ ಕಾಲಿನಿಂದ ಮರಳು ಕೆದಕಿದಳು, ಆಚೀಚೆ ನೋಡಿದಳು, ಕೊನೆಗೆ ಕೈ ಎತ್ತಿದಳು. "ತಾಗಿತ್ತ್ ಟೀಚರ್."

"ಶಾಬಾಸ್. ಚಲೋ, ಆಡಿ" ಎಂದಳು ಅಕ್ಕ.

ನಾನು ಫ್ಲಾಸ್ಕನ್ನು ಮರಳಿನ ಮೇಲಿಟ್ಟೆ. ಐಸಿಯುವಿನಿಂದ ಈ ತನಕ ಅಕ್ಕ ನನ್ನನ್ನೂ ಹೀಗೇ ಕಾಯುತ್ತಿದ್ದಾಳೆ.

ಅದಾದ ವಾರದಲ್ಲಿ ಬಾಬಣ್ಣ ಬಂದ. ಮೀನಿನ ಟೆಂಪೋ ಓಡಿಸುವವನು. ಕೇರಳಕ್ಕೆ ಹೋಗಿ ನಿಲ್ಲಿಸದೆ ಓಡಿಸಿಕೊಂಡು ಬಂದಿದ್ದ. ಕೈಯಲ್ಲಿ ತೆಂಗಿನಕಾಯಿ. ಅಕ್ಕ ಜಗಲಿಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದಳು.

"ಹ್ವಾಯ್ ಗುಲಾಬಕ್ಕ, ಬನಿ ಕಾಂಬ. ಒಂದ್ ಒದಿ ಕೊಡಿ. ಕಾಲ್ ಹಿಡ್ಕಂಡ್ ಬ್ರೇಕ್ ಒತ್ತುಕೆ ಆತಿಲ್ಲೆ."

ಪಂಚೆ ಎತ್ತಿದ. ಒಂದೇ ಕಾಲು ಬಾತಿತ್ತು. ಚರ್ಮ ಹೊಳೆಯುತ್ತಿತ್ತು. ಬಗ್ಗಿ ಕೈ ಇಟ್ಟೆ. ಬಿಸಿ.

"ಆಸ್ಪತ್ರಿಗೆ ಹೋಗ್" ಎಂದೆ.

"ಎಂತಕೆ ಅಕ್ಕ? ನಿಮ್ಮ ಕಾಲ್ ಇಪ್ಪಾಗ ಆಸ್ಪತ್ರಿ ಎಂತಕೆ?"

ಸೀತಕ್ಕ ಬೇಲಿಯ ಮೇಲಿನಿಂದ ಕುತ್ತಿಗೆ ಚಾಚಿದಳು. "ಒದಿ ಮಾರಾಯ್ತಿ ಒಂದ್. ಪಾಪ, ಅಷ್ಟ್ ದೂರದಿಂದ ಬಂದಿದ. ಕಾಯಿ ಸಣ್ಣದಾಯ್ತಾ ನಿಂಗೆ?"

ನನಗೆ ಏನಾಯಿತೋ ಗೊತ್ತಿಲ್ಲ. ತೆಂಗಿನಕಾಯಿ ಎತ್ತಿ ಅಂಗಳಕ್ಕೆ ಎಸೆದೆ.

"ಗುಣ ಇಲ್ಲೆ ಈ ಕಾಲಿಗೆ! ಕೇಂತಾ ಸೀತಕ್ಕ? ಅಕ್ಕನ ಕಾಲ್ ಹೀಂಗೇ ಬಾತಿತ್ತ್. ನಾನೇ ಮೆಟ್ಟಿ ಒತ್ತಿದ್ದ್. ಅವಳ್ ಬ್ಯಾಡ ಅಂದ್ಳ್, ನಾನ್ ಕೇಣ್ಲಿಲ್ಲೆ. ಮರ್ದಿನವೇ ಉಸ್ರ್ ನಿಂತ್ಹೋಪುಕಾಯ್ತ್. ಚಂಡ್ ಒದ್ದದ್ದಕ್ಕೆ ಅಲ್ಲ. ಇನ್ನೊಂದ್ ಸಲ ಚಂಡಿನ ಸುದ್ದಿ ಎತ್ತಿದ್ರೆ ಬಾಯಿಗೆ ಮಣ್ಣ್ ಹಾಕ್ತೆ! ನೀನ್ ಎಂತ ಕಾಂತೆ ಬಾಬಣ್ಣ? ಸಾಯ್ಕಾ ನಿಂಗೆ? ಆಟೋ ಹತ್ತ್!"

ಬಾಬಣ್ಣ ಹಿಂದೆ ಹಿಂದೆ ಸರಿದ. ಸೀತಕ್ಕ ಬಾಯಿ ತೆರೆದುಕೊಂಡೇ ಮಗನನ್ನು ಕೂಗಿದಳು. ಆಟೋ ಸ್ಟಾರ್ಟ್ ಆಯಿತು, ತಿರುಗಿತು, ಹೋಯಿತು. ನಾನು ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತಿದ್ದೆ. ಬೀದಿಗೆಲ್ಲ ಹೇಳಿ ಆಯಿತು, ಇನ್ನು ಹಗುರಾಗಬೇಕು ಎಂದುಕೊಂಡೆ. ಹಗುರಾಗಲಿಲ್ಲ.

ಜಗಲಿಯಿಂದ ಅಕ್ಕನ ಧ್ವನಿ ಬಂತು. ಜೋರಾಗಿ ಮಾತಾಡಲು ಅವಳಿಗೆ ಈಗ ಆಗುವುದಿಲ್ಲ.

"ಊರಿಗೆ ಹೇಳ್ದೆ. ನಂಗೆ?"

ಪೇಪರನ್ನು ಮಡಚಿ ಬದಿಗಿಟ್ಟಿದ್ದಳು. ನನ್ನನ್ನು ನೋಡುತ್ತಿರಲಿಲ್ಲ. ತೆಂಗಿನ ಮರಗಳ ನಡುವೆ ಕಾಣುವ ಕಡಲನ್ನು ನೋಡುತ್ತಿದ್ದಳು. ಆತುರ ಇರಲಿಲ್ಲ.

ಮೆಟ್ಟಿಲು ಹತ್ತಿ ಅವಳ ಕಾಲಿನ ಹತ್ತಿರ ಕೂತೆ. ಸಾಕ್ಸ್ ಸ್ವಲ್ಪ ಕೆಳಗೆ ಜಾರಿತ್ತು. ಅದನ್ನು ಮೇಲೆ ಎಳೆದೆ. ಎಳೆದು ಕೈ ತೆಗೆಯಲಿಲ್ಲ.

"ಅಕ್ಕ, ನಿನ್ನ ಮೇಲಿನ ಸಿಟ್ಟಲ್ಲ್ ಒತ್ತಿದ್ದ್ ನಾನ್. ಡಾಕ್ಟ್ರಿಗೆ ಸುಳ್ಳ್ ಹೇಳ್ದೆ. ಊರ್ ನಿನ್ನ ಆಟಕ್ಕೆ ಬೈವತ್ತಿಗೆ ಸುಮ್ನೆ ಕೂಕಂಡೆ. ನನ್ನಿಂದ ತಪ್ಪಾಯ್ತ್ ಅಕ್ಕ. ತಪ್ಪಾಯ್ತ್."